ಟಿಬಿ ಕೋರ್ಸ್ ಮುಗಿಯಿತು, ಮತ್ತೆ ಓಡಬೇಕು. ಎಲ್ಲಿಂದ ಶುರು ಮಾಡಲಿ?

ಕಾಲುವೆ ದಂಡೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾನು ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ವಯಸ್ಸು 34. ಕಾಯಿಲೆ ಬರುವ ಮುಂಚೆ ವಾರದಲ್ಲಿ ಮೂರು ನಾಲ್ಕು ದಿನ ಓಡುತ್ತಿದ್ದೆ. ಭಾನುವಾರ ಎಚ್‌ಎಲ್‌ಸಿ (ತುಂಗಭದ್ರಾ ಮೇಲ್ಮಟ್ಟದ) ಕಾಲುವೆ ದಂಡೆ ಮೇಲೆ 10 ಕಿ.ಮೀ. ದೊಡ್ಡ ಓಟಗಾರನೇನಲ್ಲ, ಒಂದು ಗಂಟೆಯೊಳಗೆ ಮುಗಿಸಿದರೆ ಆ ವಾರವೆಲ್ಲ ಖುಷಿ, ಅಷ್ಟೇ.

ಕಳೆದ ವರ್ಷ ಕೆಮ್ಮು ಹಿಡಿಯಿತು. ಯೂನಿಟ್‌ನಲ್ಲಿ ಬಟ್ಟೆಯ ಧೂಳು ಇದ್ದೇ ಇರುತ್ತದೆ, ಅದರದ್ದೇ ಇರಬೇಕು ಅಂತ ಎಲ್ಲರೂ ಅಂದರು. ಆಮೇಲೆ ಸಂಜೆ ಹೊತ್ತು ಮೈ ಬಿಸಿ, ರಾತ್ರಿ ದಿಂಬು ತೊಯ್ಯುವಷ್ಟು ಬೆವರು, ನಾನೇ ಕಟ್ ಮಾಡಿದ ಪ್ಯಾಂಟು ನನ್ನ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. 6 ತಿಂಗಳ ಗುಳಿಗೆ ಒಂದೂ ತಪ್ಪಿಸದೆ ನುಂಗಿದ್ದೇನೆ. ಕೊನೆಯ ಕಫ ಪರೀಕ್ಷೆ ನೆಗೆಟಿವ್. ತೂಕ ಬಹುಪಾಲು ವಾಪಸ್ ಬಂದಿದೆ. ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಕಲೆ ಉಳಿದಿದೆ, ಅದು ಹಾಗೇ ಇರುತ್ತದೆ ಅಂದರು.

ಓಡಬಹುದಾ ಅಂತ ಡಾಕ್ಟರನ್ನು ಕೇಳಿದೆ. "ನಾರ್ಮಲ್ ಆಗಿ ಇರಿ" ಅಂದರು. ನನ್ನ ನಾರ್ಮಲ್ ಅಂದರೆ ಓಡುವುದೇ ಅಲ್ವಾ! ಹಿಂದೆ ಅಷ್ಟುದ್ದ ಸಾಲು ಇತ್ತು, ಬಿಡಿಸಿ ಕೇಳಲು ಆಗಲಿಲ್ಲ. ಈಗ ಮನೆಯ ಮಹಡಿ ಹತ್ತಿದರೆ ದಮ್ಮು ಹತ್ತುವುದಿಲ್ಲ. ಆದರೆ ಬಸ್ ಹಿಡಿಯಲು ಸ್ವಲ್ಪ ಓಡಿದರೆ ಎದೆ ಹೊಡೆದುಕೊಳ್ಳುತ್ತದೆ. ಎಷ್ಟು ಉಸಿರು ಹತ್ತಿದರೆ ಸಹಜ, ಎಷ್ಟಾದರೆ ಅಲ್ಲ? ನಮ್ಮೂರಿನ ಬಿಸಿಲು ಬೇರೆ ಶುರುವಾಗುತ್ತಿದೆ. ಇನ್ನೊಂದು ವಿಷಯ, ಭಾನುವಾರ ಜೊತೆಗೆ ಓಡುವ ಗೆಳೆಯರಿಗೆ ನಾನು "ಊರಿಗೆ ಹೋಗಿದ್ದೆ" ಅಂತ ಹೇಳಿದ್ದೇನೆ. ನಿಜ ಹೇಳಲೋ ಬೇಡವೋ?

ಗುಡ್ಡದ ಹುಡುಗ (ಬಳ್ಳಾರಿ)

ಅಣ್ಣಾ, ಮೊದಲು ಕಾಂಗ್ರಾಟ್ಸ್! ಮೈ ಸ್ವಲ್ಪ ಸುಧಾರಿಸಿದ ಕೂಡಲೇ ಗುಳಿಗೆ ಬಿಡುವವರನ್ನು ನೋಡಿದ್ದೇನೆ, ನೀವು ಪೂರ್ತಿ ಮುಗಿಸಿದ್ದೀರಿ. ಇನ್ನು ತಡ ಯಾಕೆ? ಎಲ್ಲ ಮನಸ್ಸಿನಲ್ಲಿದೆ. ವಿಲ್ಮಾ ರುಡಾಲ್ಫ್ ಗೊತ್ತಾ? ಪೋಲಿಯೊ ಬಂದು ಕಾಲಿಗೆ ಬ್ರೇಸ್ ಹಾಕಿಕೊಂಡಿದ್ದ ಹುಡುಗಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ಗೇಲ್ ಡಿವರ್ಸ್‌ಗೆ ಥೈರಾಯ್ಡ್ ಕಾಯಿಲೆ, ಚಿಕಿತ್ಸೆಯಲ್ಲಿ ಪಾದವೇ ಹೋಗುವ ಸ್ಥಿತಿ. 1992ರಲ್ಲಿ ಬಾರ್ಸಿಲೋನಾದಲ್ಲಿ 100 ಮೀಟರ್ ಚಿನ್ನ! ನಾಳೆ ಬೆಳಿಗ್ಗೆ ಐದಕ್ಕೆ ಕೋಟೆ ಗುಡ್ಡದ ಕೆಳಗೆ ಬನ್ನಿ, ಮೆಟ್ಟಿಲು ಹತ್ತೋಣ. ಒಂದು ವಾರದಲ್ಲಿ ಪುಪ್ಪುಸ ಓಪನ್ ಆಗುತ್ತದೆ.

ಪಿಟಿ ಸರ್ (ಕೊಪ್ಪಳ)

ಹುಡುಗಾ, ನಿನ್ನ ಉತ್ಸಾಹ ಒಳ್ಳೆಯದೇ, ಆದರೆ ರುಡಾಲ್ಫ್ ಕಥೆಯ ಕೊನೆಯ ಪುಟ ಮಾತ್ರ ಹೇಳಿದೆ. ಆ ಹುಡುಗಿಯನ್ನು ತಾಯಿ ವಾರ ವಾರ ಬಸ್ಸಿನಲ್ಲಿ ನ್ಯಾಶ್‌ವಿಲ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು, ಮನೆಯವರು ಸರದಿ ಮೇಲೆ ದಿನಾ ಕಾಲು ತಿಕ್ಕುತ್ತಿದ್ದರು, ಅದು ವರ್ಷಗಟ್ಟಲೆ ನಡೆಯಿತು. 1960ರ ಮೂರು ಚಿನ್ನ ಎಲ್ಲರಿಗೂ ಗೊತ್ತು. ಆ ವರ್ಷಗಳ ಬಗ್ಗೆ ಯಾರೂ ಪೋಸ್ಟರ್ ಮಾಡುವುದಿಲ್ಲ. ಒಂದು ವಾರದಲ್ಲಿ ಪುಪ್ಪುಸ ಓಪನ್ ಅನ್ನುವುದೆಲ್ಲ ಸುಮ್ನೆ ಮಾತು. ಕಲೆ ಬಿದ್ದ ಭಾಗ ಮೊದಲಿನಂತೆ ಆಗುವುದಿಲ್ಲ, ಉಳಿದ ಭಾಗ ಕೆಲಸ ಕಲಿಯುತ್ತದೆ. ಅದಕ್ಕೆ ಹೊತ್ತು ಬೇಕು.

ಕಾಲುವೆ ದಂಡೆ ಅವರೇ, ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ, ಜ್ವರ ಕಾಮಾಲೆ ಟೈಫಾಯಿಡ್ ಆಗಿ ಬಂದ ಮಕ್ಕಳನ್ನು ಮತ್ತೆ ಟ್ರ್ಯಾಕಿಗೆ ಇಳಿಸುವ ಕೆಲಸ ಪ್ರತಿ ವರ್ಷ ಇರುತ್ತದೆ. ಒಂದು ಸಂಗತಿ ಹೇಳುತ್ತೇನೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಜನ ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ ನೋಡಿದರು. ಅವರಿಗೆ ಕಾಯಿಲೆ ಏನೂ ಇರಲಿಲ್ಲ, ಬರೀ ಮಲಗಿದ್ದಷ್ಟೇ. ದೇಹ ಆಮ್ಲಜನಕ ಬಳಸುವ ಶಕ್ತಿ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದುಹೋಯಿತು. 30 ವರ್ಷ ಬಿಟ್ಟು ಅದೇ ಐವರನ್ನು ಕರೆದು ಮತ್ತೆ ಅಳೆದರು. 30 ವರ್ಷದ ವಯಸ್ಸು ಕಿತ್ತುಕೊಂಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಿತ್ತುಕೊಂಡಿದ್ದೇ ಹೆಚ್ಚಾಗಿತ್ತು! ನಿಮಗೆ ಹಾಸಿಗೆಯ ಜೊತೆ ಟಿಬಿಯೂ ಇತ್ತು. ಹಾಗಾಗಿ ಬಸ್ಸಿಗೆ ಓಡಿದಾಗ ಎದೆ ಹೊಡೆದುಕೊಂಡರೆ ಅದರಲ್ಲಿ ಅರ್ಧ ಟಿಬಿಯದ್ದೇ ಅಲ್ಲ, ಮಲಗಿದ್ದರದ್ದು.

ಅದೇ ಡಲ್ಲಾಸ್ ಹುಡುಗರು ಎದ್ದ ಮೇಲೆ ತರಬೇತಿ ಮಾಡಿ ಮೊದಲಿಗಿಂತ ಚೆನ್ನಾಗಿಯೇ ಆದರು, ಅದನ್ನೂ ಹೇಳಬೇಕು. ಉಸಿರು, ರಕ್ತ, ಹೃದಯ ಇವು ಬೇಗ ವಾಪಸ್ ಬರುತ್ತವೆ, ಕೆಲವೇ ವಾರಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಎಲುಬು ಮತ್ತು ಅದಕ್ಕೆ ಅಂಟಿದ ನರಗಟ್ಟು ಹಾಗಲ್ಲ. ಅವಕ್ಕೆ ತಿಂಗಳುಗಳು ಬೇಕು. ನನ್ನ ಹತ್ತಿರ ಬರುವವರು ನೋವು ಮಾಡಿಕೊಳ್ಳುವುದು ಮೊದಲ ವಾರದಲ್ಲಿ ಅಲ್ಲ. ಎರಡನೇ ತಿಂಗಳಲ್ಲಿ, ಉಸಿರು ಚೆನ್ನಾಗಿದೆ ಅಂತ ಕಾಲನ್ನು ಮರೆತಾಗ. ಆದ್ದರಿಂದ ನಿಮ್ಮ ಗಡಿಯಾರ ಉಸಿರಿನ ಮೇಲೆ ಇಡಬೇಡಿ, ಮೀನಖಂಡ ಮತ್ತು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಇಡಿ.

ಗುಳಿಗೆ ಅಂಗಡಿ (ಸಿಂಧನೂರು)

ಮೆಡಿಕಲ್ ಶಾಪ್ ನಡೆಸುತ್ತೇನೆ. ಡಾಕ್ಟರ್ ಅಲ್ಲ, ಆದರೆ ಟಿಬಿ ಗುಳಿಗೆ ಬಗ್ಗೆ ಓಡುವವರು ತಿಳಿದುಕೊಳ್ಳಬೇಕಾದ್ದು ಸ್ವಲ್ಪ ಇದೆ, ಯಾರೂ ಹೇಳುವುದಿಲ್ಲ.

ಮೊದಲ 2 ತಿಂಗಳು ನಾಲ್ಕು ಔಷಧ ಸೇರಿದ ಗುಳಿಗೆ, ಆಮೇಲಿನ 4 ತಿಂಗಳು ಮೂರು ಔಷಧದ್ದು. ಮೊದಲ ಎರಡು ತಿಂಗಳಲ್ಲಿ ಮಾತ್ರ ಇರುವ ಆ ನಾಲ್ಕನೆಯದು ಪೈರಾಜಿನಮೈಡ್. ಅದು ರಕ್ತದಲ್ಲಿ ಯೂರಿಕ್ ಆಸಿಡ್ ಏರಿಸುತ್ತದೆ, ಕೆಲವರಿಗೆ ಕೀಲು ನೋವು ಬರುತ್ತದೆ. ಆಗ ಓಡಿದ್ದಕ್ಕೆ ಬಂತು ಅಂದುಕೊಂಡು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂರುವವರಿದ್ದಾರೆ. ಐಸೋನಿಯಾಜಿಡ್‌ನಿಂದ ಕೆಲವರಿಗೆ ಪಾದ ಜುಮ್ಮೆನ್ನುತ್ತದೆ, ಅದಕ್ಕೇ ಬಿ6 ಗುಳಿಗೆ ಜೊತೆಗೆ ಕೊಡುವುದು. ಪಾದದ ಸ್ಪರ್ಶ ಪೂರ್ತಿ ಬಾರದೆ ಕಲ್ಲುಮಣ್ಣಿನ ದಾರಿಯಲ್ಲಿ ಓಡಬಾರದು, ಕಾಲು ಹೊರಳುತ್ತದೆ. ಎಥಾಂಬ್ಯುಟಾಲ್ ತಿನ್ನುವಾಗ ಕಣ್ಣಿನ ಮೇಲೆ ನಿಗಾ ಇಡಬೇಕು, ಕೆಂಪು ಹಸಿರು ಮಂಕಾಗಿ ಕಂಡರೆ ತಕ್ಷಣ ಹೇಳಬೇಕು. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು ಕಿತ್ತಳೆ ಬಣ್ಣ, ಅದಕ್ಕೆ ಹೆದರಬೇಕಿಲ್ಲ.

ನಿಮಗೆ ಲಿವೊಫ್ಲಾಕ್ಸಾಸಿನ್ ಕೊಟ್ಟಿದ್ದರಾ? ಐಸೋನಿಯಾಜಿಡ್ ಕೆಲಸ ಮಾಡದ ಟಿಬಿಗೆ ಅದನ್ನು ಸೇರಿಸುತ್ತಾರೆ. ಆ ಜಾತಿಯ ಗುಳಿಗೆಗಳು ಹಿಮ್ಮಡಿ ಮೇಲಿನ ದಪ್ಪ ನರವನ್ನು (ಟೆಂಡನ್, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ) ದುರ್ಬಲ ಮಾಡಬಲ್ಲವು, ಕೆಲವೊಮ್ಮೆ ಹರಿಯುವುದೂ ಉಂಟು, ಗುಳಿಗೆ ನಿಲ್ಲಿಸಿ ತಿಂಗಳುಗಳಾದ ಮೇಲೂ. ಅಮೆರಿಕದಲ್ಲಿ 2008ರಿಂದ ಔಷಧದ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದ್ದಾರೆ. ಜೊತೆಗೆ ಸ್ಟೀರಾಯ್ಡ್ ತಗೊಂಡಿದ್ದರೆ ಇನ್ನೂ ಹುಷಾರು.

ಕಾಲುವೆ ದಂಡೆ

ಅಣ್ಣಾ, ಲಿವೊ ಇರಲಿಲ್ಲ. ಮಾಮೂಲಿ ಕೋರ್ಸ್. ಆದರೆ ಮೊದಲೆರಡು ತಿಂಗಳು ಮೊಣಕಾಲು, ಹಿಮ್ಮಡಿ ಕೀಲು ಎಷ್ಟು ನೋಯುತ್ತಿತ್ತು ಅಂದರೆ, ಇನ್ನು ಓಟದ ಕಥೆ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ತಾನಾಗಿಯೇ ಹೋಯಿತು. ಇವತ್ತು ಕಾರಣ ಗೊತ್ತಾಯಿತು! ಬೆವರಿನದ್ದೂ ನಿಜ, ಬಿಳಿ ಬನಿಯನ್ ಕಂಕುಳಲ್ಲಿ ಎಲ್ಲ ಕಿತ್ತಳೆ. ನಮ್ಮನೆಯವಳು ಒಗೆದು ಒಗೆದು ಸಾಕಾಗಿ ಕರಿ ಬನಿಯನ್ ತಂದುಕೊಟ್ಟಳು.

ಶಕ್ತಿನಗರ ಕಾಕಾ (ರಾಯಚೂರು)

ನನ್ನದು ಟಿಬಿ ಅಲ್ಲ, ಹಾರ್ಟು. 57ನೇ ವಯಸ್ಸಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಈಗ ವಾರಕ್ಕೆ ನಾಲ್ಕು ದಿನ ನಿಧಾನ ಓಟ. ಅಳತೆಯ ವಿಷಯಕ್ಕೆ ಮಾತ್ರ ಒಂದೆರಡು ಮಾತು.

ನನಗೆ ಮೆಟೊಪ್ರೊಲಾಲ್ ಕೊಟ್ಟಿದ್ದಾರೆ. ಅದು ನಾಡಿ ಬಡಿತವನ್ನು ಕಟ್ಟಿಹಾಕುತ್ತದೆ. ಮಗ ಕೊಡಿಸಿದ ವಾಚು ನೋಡಿದರೆ ನಾನು ಯಾವಾಗಲೂ "ಆರಾಮ" ವಲಯದಲ್ಲೇ ಇರುತ್ತೇನೆ, ಇಲ್ಲಿ ದಮ್ಮು ಕಟ್ಟಿ ಸಾಯುತ್ತಿದ್ದರೂ! ಅದಕ್ಕೇ ವಾಚು ತೆಗೆದಿಟ್ಟು ಮಾತಿನ ಲೆಕ್ಕ ಹಿಡಿದಿದ್ದೇನೆ. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡು ಮಾತಿಗೊಮ್ಮೆ ಉಸಿರು ತಗೊಂಡರೆ ನಡಿಗೆಗೆ ಇಳಿಯಬೇಕು. ಆಸ್ಪತ್ರೆಯಲ್ಲಿ ಫಿಸಿಯೊ ಒಬ್ಬರು ಒಂದು ಚಾರ್ಟ್ ತೋರಿಸಿದ್ದರು, 6ರಿಂದ 20ರವರೆಗೆ ಅಂಕಿ, ಎಷ್ಟು ಕಷ್ಟ ಅನಿಸುತ್ತದೆ ಅಂತ ನಾವೇ ಹೇಳುವುದು. ಬೋರ್ಗ್ ಅಂತ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಮಾಡಿದ್ದು. 11ರಿಂದ 13ರ ನಡುವೆ ಇರಿ ಅಂದಿದ್ದರು. ಬ್ಯಾಟರಿ ಬೇಡ, ಚಾರ್ಜ್ ಬೇಡ.

ಇನ್ನು ಬಿಸಿಲು. ನಮ್ಮ ಕಡೆ ಏಪ್ರಿಲ್ ಮೇ ಅಂದರೆ 40 ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿ ಬಿಡುತ್ತದೆ. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕಂತೆ, ಅದೂ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬಂದರೆ. ಮನೆಯಲ್ಲಿ ಫ್ಯಾನ್ ಕೆಳಗೆ ತಿಂಗಳುಗಟ್ಟಲೆ ಇದ್ದವನು ಒಗ್ಗಿದ್ದನ್ನು ಕಳೆದುಕೊಂಡಿರುತ್ತಾನೆ. ನನ್ನಂತೆ ಬಿಪಿ, ಹಾರ್ಟಿನ ಗುಳಿಗೆ ತಿನ್ನುವವರಿಗೆ, ಅದರಲ್ಲೂ ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ಇದ್ದರೆ, ಸೆಕೆ ಬೇಗ ಹೊಡೆಯುತ್ತದೆ. ನಾನು ಐದೂವರೆಗೆ ಮನೆಗೆ ವಾಪಸ್ ಬಂದಿರುತ್ತೇನೆ.

ಆತುರದ ವಿಷಯಕ್ಕೆ ಬಂದರೆ, ಮಳೆ ಬಿದ್ದ ಮರುದಿನ ಎರಿ (ಕಪ್ಪುಮಣ್ಣಿನ) ಹೊಲಕ್ಕೆ ಎತ್ತು ಇಳಿಸಿದರೆ ಏನಾಗುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಗುಡ್ಡದ ಹುಡುಗ

ಕಾಕಾ, ವಾಚು ಇಲ್ಲದೆ ಪ್ರೋಗ್ರೆಸ್ ಹೇಗೆ ಗೊತ್ತಾಗುತ್ತದೆ? ಆ ಗುಳಿಗೆ ತಿನ್ನದವರಿಗೆ ವಾಚು ಸರಿ ತಾನೇ?

ಶಕ್ತಿನಗರ ಕಾಕಾ

ಸರಿ ತಮ್ಮಾ, ನೀನು ಹಾಕಿಕೋ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ನೋಡಿಕೊಳ್ಳಲು ಮಾತ್ರ ನಾನೂ ಬಳಸುತ್ತೇನೆ. ದಿನಾ ಇರುವುದಕ್ಕಿಂತ ಎಂಟು ಹತ್ತು ಜಾಸ್ತಿ ಇದ್ದರೆ ಅವತ್ತು ಓಟ ಇಲ್ಲ, ಮಂಡಕ್ಕಿ ಒಗ್ಗರಣೆ ಮಿರ್ಚಿ. (ಮಿರ್ಚಿ ಡಾಕ್ಟರಿಗೆ ಹೇಳಬೇಡ.)

ಖಾಕಿ ಕನಸು (ರಾಯಚೂರು)

ಸರ್, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್ 6 ನಿಮಿಷ 30 ಸೆಕೆಂಡ್. ನನಗೆ ಆರಾಮಾಗಿ ಬರುತ್ತಿತ್ತು. ಟೈಫಾಯಿಡ್ ಆಗಿ ಅಡ್ಮಿಟ್ ಆಗಿದ್ದೆ. ಜ್ವರ ಬಿಟ್ಟು ವಾರ ಆಗಿದೆ. ರೂಮಿನ ಹುಡುಗರು ದಿನಾ ಸ್ಟೇಡಿಯಂಗೆ ಹೋಗುತ್ತಾರೆ, ನಾನು ಮಲಗಿದ್ದೇನೆ. ಡೇಟ್ ಯಾವಾಗ ಬೇಕಾದರೂ ಬರಬಹುದು. ನಾಳೆಯಿಂದ ನಾಲ್ಕು ರೌಂಡ್ ಹಾಕಲಾ? ಮನೆಯಲ್ಲಿ ಎರಡು ವರ್ಷದಿಂದ ಇದಕ್ಕೇ ಕಾಯುತ್ತಿದ್ದಾರೆ.

ಪಿಟಿ ಸರ್

ಬೇಡ ತಮ್ಮಾ. ಖಂಡಿತ ಬೇಡ.

ಟೈಫಾಯಿಡ್ ಬರೀ ಜ್ವರ ಅಲ್ಲ, ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಕಾಯಿಲೆಯ ಮೂರನೇ ವಾರದ ಹೊತ್ತಿಗೆ ಅಲ್ಲಿ ರಕ್ತ ಸೋರುವುದು, ತೂತು ಬೀಳುವುದು ಕೆಲವರಿಗೆ ಆಗುತ್ತದೆ. ಜ್ವರ ಬಿಟ್ಟ ಎರಡು ಮೂರು ವಾರಕ್ಕೆ ಮರುಕಳಿಸುವುದೂ ಉಂಟು. ಹೊಟ್ಟೆ ನೋವು ಬಂದರೆ, ಮಲ ಕಪ್ಪಗಾದರೆ ರೂಮಿನ ಹುಡುಗರನ್ನು ಕೇಳುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗು. ಯಾವುದೇ ಜ್ವರ ಮೈಯಲ್ಲಿ ಇರುವಾಗ ಜೋರಾಗಿ ಓಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕೆಲವು ಸೋಂಕುಗಳು ಹೃದಯದ ಮಾಂಸಖಂಡಕ್ಕೇ ಉರಿಯೂತ ತರುತ್ತವೆ. ಆಗ ಓಡಿದರೆ ಬಡಿತದ ತಾಳ ತಪ್ಪಿ ಕುಸಿದು ಬೀಳುವ ಅಪಾಯ. ಹಾಗೆ ಉರಿಯೂತ ಆಗಿದೆ ಅಂತ ಗೊತ್ತಾದವರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಜೋರು ವ್ಯಾಯಾಮ ಬಂದ್ ಮಾಡಿಸುತ್ತಾರೆ. ಎದೆನೋವು, ಎದೆ ಡವಡವ, ತಲೆ ತಿರುಗಿ ಕಣ್ಣು ಕತ್ತಲೆ, ಈ ಮೂರರಲ್ಲಿ ಒಂದಿದ್ದರೂ ಇಸಿಜಿ ಆಗದೆ ಟ್ರ್ಯಾಕಿಗೆ ಕಾಲಿಡಬೇಡ.

ಈಗ ನಿನ್ನ ಲೆಕ್ಕ. 6:30 ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಒಂದು ರೌಂಡಿಗೆ 97 ಸೆಕೆಂಡ್ ಚಿಲ್ಲರೆ. ಇದು ದೈತ್ಯ ವೇಗವಲ್ಲ, ಮೊದಲು ನಿನಗೆ ಬರುತ್ತಿತ್ತು ಅಂದರೆ ದೇಹ ಮರೆತಿಲ್ಲ. ಮೊದಲು ಊಟ ಮಾಡು. ಮೆತ್ತಗಿನ ಅನ್ನ, ಮೊಸರು, ಬೇಳೆ, ಮೊಟ್ಟೆ, ಖಾರ ಆಮೇಲೆ. ಮರುಕಳಿಸುವ ವಾರಗಳು ದಾಟುವವರೆಗೆ ನಡಿಗೆ ಮಾತ್ರ, ಡಾಕ್ಟರು ಹೂಂ ಅಂದ ಮೇಲೆ ನಡಿಗೆಯ ನಡುವೆ ಸಣ್ಣ ಸಣ್ಣ ಓಟ. ವೇಗ ಎಲ್ಲಕ್ಕಿಂತ ಕೊನೆಗೆ.

ಗುಳಿಗೆ ಅಂಗಡಿ

ತಮ್ಮಾ, ಡಿಸ್ಚಾರ್ಜ್ ಚೀಟಿಯಲ್ಲಿ ಆಫ್ಲಾಕ್ಸಾಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಇದೆಯಾ ನೋಡು. ಟೈಫಾಯಿಡ್‌ಗೆ ಮೊದಲು ಅದನ್ನೇ ಬಹಳ ಕೊಡುತ್ತಿದ್ದರು, ಈಗ ರೋಗಾಣು ಬಗ್ಗದ ಕಾರಣ ಬೇರೆ ಕೊಡುವುದು ಜಾಸ್ತಿ. ಆದರೂ ಇದ್ದರೆ, ನಾನು ಮೇಲೆ ಹೇಳಿದ ಹಿಮ್ಮಡಿ ನರದ ಮಾತು ನಿನಗೂ ಅನ್ವಯ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಅಲ್ಲಿ ಬಿಗಿತ, ನೋವು ಇದ್ದರೆ ಸ್ಪೈಕ್ಸ್ ಮುಟ್ಟಬೇಡ. ಹಿಮೋಗ್ಲೋಬಿನ್ ಕೂಡ ಮಾಡಿಸು. ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಆಗ ಎಷ್ಟು ಪ್ರಾಕ್ಟೀಸ್ ಮಾಡಿದರೂ ಮೂರನೇ ರೌಂಡಿಗೆ ಕಾಲು ಸೋಲುತ್ತವೆ.

ಖಾಕಿ ಕನಸು

ಚೀಟಿ ನೋಡಿದೆ ಅಣ್ಣಾ, ಆ ಹೆಸರು ಇಲ್ಲ, ಇಂಜೆಕ್ಷನ್ ಕೊಟ್ಟಿದ್ದಾರೆ. ಹಿಮೋಗ್ಲೋಬಿನ್ 10.8 ಬರೆದಿದೆ. ಯಾರೂ ಹೇಳಿರಲಿಲ್ಲ. ನಾಳೆ ಕೇಳುತ್ತೇನೆ. ಹುಡುಗರಿಗೂ ಹೇಳಿಬಿಟ್ಟೆ, ಸದ್ಯಕ್ಕೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ನನ್ನದು ಅಂತ.

ಗಂಗಾವತಿ ಅಕ್ಕ (ಕೊಪ್ಪಳ ಜಿಲ್ಲೆ)

ಗೆಳೆಯರಿಗೆ ಹೇಳಲೋ ಬೇಡವೋ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲ ಗಂಡಸರೇ ಇದ್ದೀರಿ ಅಂತ ಕಾಣುತ್ತದೆ :)

ನನಗೆ ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಮೊದಲು ನಾನು ಓಡುವವಳೇ ಅಲ್ಲ, ನಡೆಯುವವಳು. ಓಟ ಶುರುವಾಗಿದ್ದೇ ಕೀಮೋ ಆದ ಮೇಲೆ, ಆಯಾಸಕ್ಕೆ ಓಡಾಟವೇ ಔಷಧ ಅಂತ ನನ್ನ ಡಾಕ್ಟರಮ್ಮ ಹೇಳಿದ್ದರಿಂದ. ನನಗೆ ನಂಬಿಕೆ ಬಂದಿರಲಿಲ್ಲ, ಆಯಾಸ ಆದವಳಿಗೆ ಮಲಗು ಅನ್ನಬೇಕಲ್ವಾ? ಆದರೆ ಮಲಗಿದಷ್ಟೂ ಅದು ಜಾಸ್ತಿಯಾಗುತ್ತಿತ್ತು, ಓಣಿಯ ಕೊನೆಯವರೆಗೆ ನಡೆದ ದಿನ ಕಡಿಮೆ. ಕೆಂಪು ಔಷಧಿ ಕೊಟ್ಟಿದ್ದರು, ಅದು ಹೃದಯದ ಮೇಲೆ ಪರಿಣಾಮ ಮಾಡಬಲ್ಲದು, ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಯೇ ಓಟಕ್ಕೆ ಒಪ್ಪಿಗೆ ಕೊಟ್ಟರು. ಆಮೇಲಿನ ಔಷಧಿಯಿಂದ ಪಾದ ಮರಗಟ್ಟಿತು, ಚಪ್ಪಲಿ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ. ಸಿಂಧನೂರಿನ ಅಣ್ಣ ಹೇಳಿದ್ದು ಸರಿ, ಪಾದಕ್ಕೆ ನೆಲ ತಿಳಿಯುವವರೆಗೆ ಸಮತಟ್ಟು ಜಾಗದಲ್ಲೇ ಇರಬೇಕು. ನಾನು ಶಾಲೆಯ ಮೈದಾನದಲ್ಲಿ ಓಡುತ್ತೇನೆ, ಮಕ್ಕಳು ಬರುವ ಮುಂಚೆ. ರಸ್ತೆಯಲ್ಲಿ ಓಡಿದರೆ ಭತ್ತದ ಲಾರಿಗಳು ಒಂದು ಕಡೆ, ನೋಡುವ ಕಣ್ಣುಗಳು ಒಂದು ಕಡೆ. ಅತ್ತೆಯವರು ಅಂಜನಾದ್ರಿಗೆ ಹರಕೆ ಹೊತ್ತಿದ್ದರು, ನಾನು ಗುಣವಾದರೆ 575 ಮೆಟ್ಟಿಲು ಹತ್ತಿಸುತ್ತೇನೆ ಅಂತ. ಹತ್ತಿದೆ, ಆದರೆ ಅದು ತೀರಾ ಇತ್ತೀಚೆಗೆ, ಮಂಟಪದಲ್ಲಿ ಕೂತು ಕೂತು. ದೇವರಿಗೆ ಡೆಡ್‌ಲೈನ್ ಇರಲಿಲ್ಲ.

ಹೇಳುವ ವಿಷಯ. ನಾನು ಹೇಳಿದೆ. ಕೆಲವರು ದೂರ ಆದರು, ಲೋಟ ಬೇರೆ ಇಟ್ಟರು, ಕ್ಯಾನ್ಸರ್ ಏನು ಅಂಟುವ ಕಾಯಿಲೆಯಾ? ಆದರೂ ಹೇಳದೆ ಇದ್ದಿದ್ದರೆ ಯಾರ ಜೊತೆಗೂ ನಿಧಾನವಾಗಿ ಓಡಲು ಆಗುತ್ತಿರಲಿಲ್ಲ. ಅವರ ವೇಗಕ್ಕೆ ಸಮ ಹಾಕಲು ಹೋಗಿ ಬಿದ್ದಿರುತ್ತಿದ್ದೆ. ನಿಮಗೂ ಅದೇ ಬರುತ್ತದೆ ಅಣ್ಣಾ, "ಊರಿಗೆ ಹೋಗಿದ್ದೆ" ಅಂದವನಿಗೆ ಗೆಳೆಯರು ನಡೆಯಲು ಬಿಡುತ್ತಾರಾ?

ಹೆಸರು ಬೇಡ

ಹೇಳುವುದು ಬಿಡುವುದು ಅವರಿಷ್ಟ. ಆದರೆ ಟಿಬಿ ಆದವರು ಗುಂಪಿನಲ್ಲಿ ಓಡುವುದು ಸರಿಯಾ? ಏದುಸಿರು ಬಿಡುತ್ತಾ ಓಡಿದರೆ ಪಕ್ಕದವರಿಗೆ ಹರಡುವುದಿಲ್ವಾ? ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ತಪ್ಪು ತಿಳಿಯಬೇಡಿ.

ಗುಳಿಗೆ ಅಂಗಡಿ

ತಪ್ಪು ತಿಳಿಯುವುದಿಲ್ಲ, ಕೇಳಿದ್ದು ಒಳ್ಳೆಯದಾಯಿತು. ಟಿಬಿ ಹರಡುವುದು ಚಿಕಿತ್ಸೆ ಇಲ್ಲದ ಶ್ವಾಸಕೋಶದ ಟಿಬಿಯಿಂದ, ಅದೂ ಗಾಳಿಯಾಡದ ಕೋಣೆಯಲ್ಲಿ, ಹೊತ್ತುಗಟ್ಟಲೆ ಜೊತೆಗಿದ್ದಾಗ. ಸರಿಯಾದ ಗುಳಿಗೆ ಶುರುವಾದರೆ ಸುಮಾರು ಎರಡು ವಾರದಲ್ಲೇ ಹರಡುವುದು ಬಹಳ ಮಟ್ಟಿಗೆ ನಿಂತುಹೋಗುತ್ತದೆ. ಇವರದ್ದು ಕೋರ್ಸೇ ಮುಗಿದಿದೆ, ಕಫ ನೆಗೆಟಿವ್. ಬಯಲಿನಲ್ಲಿ ಇವರ ಪಕ್ಕ ಓಡಿದರೆ ನಿಮಗೆ ಬರುವುದು ಬೆವರು ಮಾತ್ರ. ನೀವು ಹೆದರಬೇಕಾದ್ದು ಎರಡು ವಾರದಿಂದ ಕೆಮ್ಮುತ್ತಾ ಪರೀಕ್ಷೆಗೆ ಹೋಗದೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ. ನಮ್ಮ ಭಾಗದಲ್ಲಿ ಕಲ್ಲು ಕ್ವಾರಿ, ಕ್ರಷರ್, ಗಣಿಯಲ್ಲಿ ಕೆಲಸ ಮಾಡುವವರು ಜಾಸ್ತಿ. ಕಲ್ಲಿನ ಧೂಳು ಪುಪ್ಪುಸ ಸೇರಿದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚು. ಆದರೂ ಕೆಮ್ಮಿದರೆ "ಧೂಳಿನದ್ದು" ಅಂತಲೇ ಹೇಳುತ್ತಾರೆ.

ಹೆಸರು ಬೇಡ

ಸರಿ. ಗೊತ್ತಿರಲಿಲ್ಲ. ಧನ್ಯವಾದ.

ಕಾಲುವೆ ದಂಡೆ

ಅಕ್ಕಾ, ನಿಮ್ಮ ಮಾತು ನಾಟಿತು. ನೋಡುತ್ತೇನೆ.

ಪಿಟಿ ಸರ್, ಶುರು ಮಾಡುವ ಮುಂಚೆ ನನ್ನನ್ನು ನಾನೇ ಅಳೆದುಕೊಳ್ಳಲು ಏನಾದರೂ ದಾರಿ ಇದೆಯಾ? ಕೊರೊನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿದೆ.

ಪಿಟಿ ಸರ್

ಇದೆ, ಅದೇ ಸಾಕು. ಮೊದಲು ಸುಮ್ನೆ ಕೂತು ನೋಡಿ, 95 ಅಥವಾ ಮೇಲಿರಬೇಕು. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂತು, ಎದ್ದು ಕೂತು, ಒಂದು ನಿಮಿಷ ಮಾಡಿ, ಮತ್ತೆ ನೋಡಿ. 4 ಅಂಕಿ ಅಥವಾ ಜಾಸ್ತಿ ಬಿದ್ದರೆ ಓಟದ ಯೋಚನೆ ಬಿಟ್ಟು ಎದೆ ಡಾಕ್ಟರ ಹತ್ತಿರ ಹೋಗಿ, ಉಸಿರು ಊದುವ ಪರೀಕ್ಷೆ ಬರೆಯುತ್ತಾರೆ. ಟಿಬಿ ಗುಣವಾದ ಮೇಲೂ ಕೆಲವರಿಗೆ ಉಸಿರಿನ ದಾರಿ ಕಿರಿದಾಗಿರುತ್ತದೆ, ಅದಕ್ಕೆ ಪಂಪ್ (ಇನ್ಹೇಲರ್) ಕೊಟ್ಟರೆ ಓಟ ಎಷ್ಟೋ ಹಗುರ. ಬೆರಳು ತಣ್ಣಗಿದ್ದರೆ, ಮೆಹಂದಿ ಇದ್ದರೆ ಅಂಕಿ ಸುಳ್ಳು ಹೇಳುತ್ತದೆ. ಇನ್ನೊಂದು, ಮುನ್ಸಿಪಲ್ ಮೈದಾನದಲ್ಲಿ 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ ಅಂತ ಬರೆದಿಟ್ಟುಕೊಳ್ಳಿ. ಆಸ್ಪತ್ರೆಗಳಲ್ಲಿ ಇದನ್ನೇ 30 ಮೀಟರ್ ಪಡಸಾಲೆಯಲ್ಲಿ ಮಾಡಿಸುತ್ತಾರೆ. ಮುಂದಿನ ತಿಂಗಳು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ನಡೆಯಿರಿ.

ಅರ್ಧ ಗಂಟೆ ಸರಸರ ನಡೆದು ಮರುದಿನ ಮೈ ಭಾರ ಅನಿಸದೆ ಇದ್ದರೆ ಓಟ ಸೇರಿಸಬಹುದು. ಒಂದು ನಿಮಿಷ ಓಟ, ಮೂರು ನಿಮಿಷ ನಡಿಗೆ, ಐದಾರು ಸಲ, ಒಂದು ದಿನ ಬಿಟ್ಟು ಒಂದು ದಿನ. ಚೆನ್ನಾಗಿದೆ ಅನಿಸಿದರೂ ಒಂದೆರಡು ವಾರ ಅದೇ ಇರಲಿ, ಆಮೇಲೆ ಓಟ ಹೆಚ್ಚಿಸುವುದಕ್ಕಿಂತ ನಡಿಗೆ ಕಡಿಮೆ ಮಾಡಿ. ಮೀನಖಂಡಕ್ಕೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ದಿನಾ ಮಾಡಿ. ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು ಅನಿಸಿದರೆ ಆ ವಾರ ಓಟ ಬಂದ್. ಶೂ ಬಗ್ಗೆ ಯಾರೂ ಕೇಳಿಲ್ಲ, ಒಳ್ಳೆಯದು, ಹಳೆಯದರ ಅಟ್ಟೆ ಗಟ್ಟಿಯಾಗಿ ಒಡೆದಿಲ್ಲ ಅಂದರೆ ಅದೇ ಸಾಕು.

ಗಂಗಾವತಿ ಅಕ್ಕ

ಊಟ ಮರೆಯಬೇಡಿ. ಗುಳಿಗೆ ನಡೆಯುವಾಗ ಪೋಷಣೆಗೆ ತಿಂಗಳಿಗೆ ಸರ್ಕಾರದ ದುಡ್ಡು ಬರುತ್ತದಲ್ಲ, ಮೊದಲು 500 ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಅದು ನಿಂತ ಮೇಲೆ ಮೊಟ್ಟೆಯೂ ನಿಲ್ಲಬಾರದು. ಶೇಂಗಾ, ಕಡಲೆ, ಹೆಸರುಕಾಳು, ಜೋಳದ ರೊಟ್ಟಿಗೆ ಗುರೆಳ್ಳು ಚಟ್ನಿ, ಇವೆಲ್ಲ ನಮ್ಮಲ್ಲೇ ಸಿಗುವುದು. ಪ್ರೋಟೀನ್ ಡಬ್ಬಿ ಮಾರುವವರು ಬರುತ್ತಾರೆ, ಬೇಡ ಅನ್ನಿ.

ಕಾಲುವೆ ದಂಡೆ

ತುಂಬಾ ದಿನ ಆಯಿತು, ಅಪ್‌ಡೇಟ್ ಕೊಡಲಿಲ್ಲ. ಆಕ್ಸಿಮೀಟರ್ ಪಾಸ್. ಮುನ್ಸಿಪಲ್ ಮೈದಾನದಲ್ಲಿ ನಡಿಗೆ-ಓಟ ನಡೆಯುತ್ತಿದೆ. ಈಗ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಉಸಿರಿಗೆ ಇನ್ನೂ ಬೇಕು ಅನಿಸುತ್ತದೆ, ಮೀನಖಂಡ ಸಾಕು ಅನ್ನುತ್ತದೆ, ಸರ್ ಹೇಳಿದ ಹಾಗೆ ಮೀನಖಂಡದ ಮಾತೇ ಕೇಳುತ್ತಿದ್ದೇನೆ. ವಾಕಿಂಗ್ ಬರುವ ಹಿರಿಯರು ನನ್ನನ್ನು ದಾಟಿ ಹೋಗುತ್ತಾರೆ, ಹೋಗಲಿ. ಗುಡ್ಡದ ಹುಡುಗ ಎರಡು ಸಲ ಬಂದಿದ್ದ, ಪಾಪ, ನಿಧಾನ ಓಡಲು ಅವನಿಗೇ ಕಷ್ಟ. ಕೋರ್ಸ್ ಮುಗಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ತೋರಿಸಬೇಕು ಅಂತ ಟಿಬಿ ಸೆಂಟರ್‌ನವರು ಕಾರ್ಡಿನಲ್ಲಿ ಬರೆದುಕೊಟ್ಟಿದ್ದಾರೆ.

ಗೆಳೆಯರಿಗೆ ಹೇಳಿದೆ. ಒಬ್ಬ ಅವತ್ತಿನಿಂದ ಬಂದಿಲ್ಲ. ಉಳಿದವರು ಸುಮ್ಮನಿದ್ದರು, ಏನು ಹೇಳಬೇಕು ಅಂತ ಅವರಿಗೂ ತಿಳಿಯಲಿಲ್ಲ. ಆದರೆ ರಾತ್ರಿ ಒಬ್ಬ ಫೋನ್ ಮಾಡಿದ. ಅವನದ್ದು ಕ್ರಷರ್‌ನಲ್ಲಿ ಸೂಪರ್‌ವೈಸರ್ ಕೆಲಸ. ಅವನಿಗೂ ತಿಂಗಳಿಂದ ಕೆಮ್ಮಂತೆ, ಸಂಜೆ ಮೈ ಬಿಸಿಯಂತೆ, ಮನೆಯಲ್ಲಿ ಹೇಳಿಲ್ಲವಂತೆ. ಸೋಮವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅಂಗಡಿ ಅಣ್ಣಾ, ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಗುಳಿಗೆ ಅಂಗಡಿ

ಖಾಲಿ ಹೊಟ್ಟೆ ಅಂತೇನಿಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಏನೂ ತಿನ್ನುವ ಮುಂಚೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ದೀರ್ಘ ಉಸಿರು ಎಳೆದು ಒಳಗಿನಿಂದ ಕೆಮ್ಮಿ ತೆಗೆದ ಕಫ ಬೇಕು. ಉಗುಳು ಕೊಟ್ಟರೆ ಪರೀಕ್ಷೆ ದಂಡ. ಡಬ್ಬಿ ಶನಿವಾರವೇ ಸೆಂಟರ್‌ನಲ್ಲಿ ಇಸಿದುಕೊಳ್ಳಿ, ಕಫ ತೆಗೆಯುವಾಗ ಮನೆಯೊಳಗೆ ಬೇಡ, ಮಹಡಿ ಮೇಲೆ ಅಥವಾ ಹಿತ್ತಲಿಗೆ ಹೋಗಲಿ. ಕ್ರಷರ್ ಕೆಲಸ ಅಂತ ಡಾಕ್ಟರಿಗೆ ಹೇಳುವುದು ಮರೆಯಬೇಡಿ, ಎಕ್ಸ್‌ರೇ ಕೂಡ ಬರೆಯುತ್ತಾರೆ.